ಕಣದ ಕ್ಯಾಮೆರಾ ಕಂಡದ್ದು ಪುಟಕ್ಕೆ ತಕ್ಷಣ ತಿಳಿಯಬೇಕಾದರೆ

ಪ್ರಶ್ನೆ: ನಮ್ಮ ಹೊಲ ಹಾವೇರಿ ಜಿಲ್ಲೆಯ ಬ್ಯಾಡಗಿ ಹತ್ತಿರ ಇದೆ. ಕಣದಲ್ಲಿ ಒಣಹಾಕಿದ ಮೆಣಸಿನಕಾಯಿಯ ಕಾವಲಿಗಾಗಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ವೆಬ್‌ಕ್ಯಾಮ್ ಜೋಡಿಸಿ, ಚಲನೆ ಗುರುತಿಸುವ ‘ಮೋಷನ್’ ತಂತ್ರಾಂಶದ ನೇರ ದೃಶ್ಯವನ್ನು ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಮೂಲಕ ಒಂದು ವೆಬ್ ಪುಟದಲ್ಲಿ ನೋಡುತ್ತಿದ್ದೇನೆ. ಯಾರಾದರೂ ಕಣಕ್ಕೆ ಕಾಲಿಟ್ಟರೆ ಅದೇ ಪುಟದಲ್ಲಿ ಎಚ್ಚರಿಕೆ ಬರಬೇಕು. ಸದ್ಯ ಪುಟವು 2 ಸೆಕೆಂಡಿಗೊಮ್ಮೆ ಸರ್ವರನ್ನು ವಿಚಾರಿಸುತ್ತದೆ. ಇದನ್ನು ಬಿಟ್ಟು ವೆಬ್‌ಸಾಕೆಟ್ ಕಲಿಯಲೇಬೇಕೆ?

ಉತ್ತರ: ಕಲಿಯಬೇಕಿಲ್ಲ, ಆದರೆ ಈಗಿನ ವಿಧಾನವನ್ನು ಬಿಡುವುದು ಒಳ್ಳೆಯದು. 2 ಸೆಕೆಂಡಿಗೊಮ್ಮೆ ಎಂದರೆ ತೆರೆದಿಟ್ಟ ಒಂದು ಪುಟದಿಂದಲೇ ದಿನಕ್ಕೆ 43,200 ವಿಚಾರಣೆಗಳು. ಅವುಗಳಲ್ಲಿ ಹೆಚ್ಚಿನವಕ್ಕೆ ‘ಏನೂ ಇಲ್ಲ’ ಎಂಬುದೇ ಉತ್ತರ. ವೆಬ್‌ಸಾಕೆಟ್ ಎರಡೂ ಕಡೆಯ ಮಾತುಕತೆಗೆ ಇರುವಂಥದ್ದು. ನಿಮ್ಮದು ಡಂಗುರ ಸಾರುವ ಕೆಲಸ, ಮರುಮಾತಿನ ಅಗತ್ಯವಿಲ್ಲ. ಇಂಥದ್ದಕ್ಕೆ ಬ್ರೌಸರಿನಲ್ಲಿಯೇ ಇರುವ ‘ಈವೆಂಟ್‌ಸೋರ್ಸ್’ ಸಾಕು: ಪುಟ ಒಮ್ಮೆ ಸಂಪರ್ಕ ತೆರೆದು ಕೂರುತ್ತದೆ, ಹೇಳಬೇಕಾದದ್ದು ಬಂದಾಗ ಸರ್ವರ್ ಕಳಿಸುತ್ತದೆ, ನಡುವೆ ನೆಟ್‌ವರ್ಕ್ ಕಡಿದರೆ ಬ್ರೌಸರ್ ತಾನಾಗಿಯೇ ಮತ್ತೆ ಜೋಡಿಸಿಕೊಳ್ಳುತ್ತದೆ.

ಚಲನೆ ಕಂಡೊಡನೆ ಒಂದು ಆದೇಶ ನಡೆಸಲು ಮೋಷನ್‌ನ ಸಂರಚನಾ ಕಡತದಲ್ಲಿ ‘ಆನ್ ಈವೆಂಟ್ ಸ್ಟಾರ್ಟ್’ ಎಂಬ ಸಾಲು ಇದೆ. ಅಲ್ಲಿಂದ, ವೆಬ್ ವಿಳಾಸಕ್ಕೆ ಸಂದೇಶ ಕಳಿಸುವ ‘ಕರ್ಲ್’ ಆದೇಶದ ಮೂಲಕ ಪೈಯಲ್ಲೇ ಓಡುವ ಪುಟ್ಟ ಪೈಥಾನ್ ಸರ್ವರಿಗೆ ಸುದ್ದಿ ಮುಟ್ಟಿಸಿ, ಅದು ತೆರೆದಿರುವ ಎಲ್ಲ ಪುಟಗಳಿಗೂ ಹಂಚುವಂತೆ ಮಾಡಿ. ಪ್ರತಿ ಸಂದೇಶವೂ ಇಂಗ್ಲಿಷಿನ ‘data’ ಪದ ಮತ್ತು ಎರಡು ಚುಕ್ಕೆಗಳ ಕೋಲನ್ (:) ಚಿಹ್ನೆಯಿಂದ ಆರಂಭವಾಗಿ, ಕೊನೆಗೆ ಒಂದು ಖಾಲಿ ಸಾಲಿನಿಂದ ಮುಗಿಯಬೇಕು. ಆ ಖಾಲಿ ಸಾಲು ಮರೆತರೆ ಸಂದೇಶ ಇನ್ನೂ ಮುಗಿದಿಲ್ಲವೆಂದು ಬ್ರೌಸರ್ ಕಾಯುತ್ತಲೇ ಇರುತ್ತದೆ, ದೋಷವನ್ನೂ ತೋರಿಸುವುದಿಲ್ಲ. ಹೊಸಬರು ಸಂಜೆಯಿಡೀ ಹುಡುಕಾಡುವುದು ಇದನ್ನೇ. ಸಂದೇಶದಲ್ಲಿ ಸಮಯವನ್ನೂ ಸೇರಿಸಿ, ಏಕೆಂದರೆ ನಿಧಾನದ ನೆಟ್‌ವರ್ಕಿನಲ್ಲಿ ದೃಶ್ಯ ಹಿಂದೆ ಬಿದ್ದು ಎಚ್ಚರಿಕೆ ಮುಂದೆ ಬರುವುದುಂಟು.

ಎಂಜಿನ್‌ಎಕ್ಸ್ ಉತ್ತರಗಳನ್ನು ಸ್ವಲ್ಪ ಕೂಡಿಟ್ಟುಕೊಂಡು ಕಳಿಸುವ ಸ್ವಭಾವದ್ದು. ಹೀಗಾಗಿ ಎಚ್ಚರಿಕೆ ಬರುವ ವಿಳಾಸಕ್ಕೆ, ಹೀಗೆ ಕೂಡಿಡುವ ‘ಪ್ರಾಕ್ಸಿ ಬಫರಿಂಗ್’ ಅನ್ನು ಆಫ್ ಮಾಡಬೇಕು. ಹಿಂದಿರುವ ಪೈಥಾನ್ ಸರ್ವರಿನಿಂದ 60 ಸೆಕೆಂಡು ಏನೂ ಬಾರದಿದ್ದರೆ ಎಂಜಿನ್‌ಎಕ್ಸ್ ಸಂಪರ್ಕವನ್ನೇ ಮುಚ್ಚುತ್ತದೆ. 20 ಸೆಕೆಂಡಿಗೊಮ್ಮೆ, ಕೋಲನ್‌ನಿಂದ ಶುರುವಾಗುವ, ಬ್ರೌಸರ್ ಲೆಕ್ಕಿಸದ ಒಂದು ಟಿಪ್ಪಣಿ ಸಾಲನ್ನು ಕಳಿಸುತ್ತಿದ್ದರೆ ಅದು ತೆರೆದೇ ಇರುತ್ತದೆ. ಇನ್ನೊಂದು ಮಿತಿ: ವೆಬ್ ಸಂವಹನದ ನಿಯಮಾವಳಿಯಾದ ಎಚ್‌ಟಿಟಿಪಿಯ 1.1 ಆವೃತ್ತಿಯಲ್ಲಿ ಬ್ರೌಸರುಗಳು ಒಂದು ವಿಳಾಸಕ್ಕೆ ಏಕಕಾಲಕ್ಕೆ ಸಾಮಾನ್ಯವಾಗಿ 6 ಸಂಪರ್ಕಗಳನ್ನು ಮಾತ್ರ ತೆರೆಯುತ್ತವೆ. ನೇರ ದೃಶ್ಯಕ್ಕೆ ಒಂದು, ಎಚ್ಚರಿಕೆಗೆ ಒಂದು ಎಂದಾದರೆ ಮೂರು ಟ್ಯಾಬಿಗೆ ಆರೂ ತುಂಬಿ, ನಾಲ್ಕನೆಯದು ಸುಮ್ಮನೆ ತಿರುಗುತ್ತ ಕೂರುತ್ತದೆ.

ನಿಜವಾದ ತಲೆನೋವು ಹುಸಿ ಎಚ್ಚರಿಕೆಗಳದ್ದು. ಎಷ್ಟು ಚಿತ್ರಬಿಂದುಗಳು ಬದಲಾದರೆ ಚಲನೆ ಎನ್ನಬೇಕೆಂಬುದಕ್ಕೆ ಮೋಷನ್ 1500 ಎಂದು ಇಟ್ಟುಕೊಂಡಿರುತ್ತದೆ. 640×480 ಚಿತ್ರದಲ್ಲಿ ಬಿಂದುಗಳು 3,07,200, ಅಂದರೆ ಅದರ ಅರ್ಧ ಶೇಕಡಾ ಕೂಡ ಅಲ್ಲ. ಗಾಳಿಗೆ ತಾಡಪತ್ರಿಯ ಒಂದು ಮೂಲೆ ಎದ್ದರೂ ಸಾಕು. ಈ ಸಂಖ್ಯೆ ಏರಿಸುವ ಮೊದಲು ತಾಡಪತ್ರಿ ಹಾಗೂ ಮರದ ಭಾಗಗಳನ್ನು ಕಪ್ಪಾಗಿಸಿದ ಮುಸುಕು ಚಿತ್ರವನ್ನು ಕೊಡಿ, ಆ ಭಾಗಗಳನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕನಿಷ್ಠ ಮೂರ್ನಾಲ್ಕು ಸತತ ಚಿತ್ರಗಳಲ್ಲಿ ಚಲನೆ ಕಂಡರೆ ಮಾತ್ರ ಗಣಿಸುವಂತೆ ಹೇಳಿದರೆ ಹಾರಿಹೋಗುವ ಹಕ್ಕಿಗಳೂ ಬಹುಪಾಲು ತಪ್ಪುತ್ತವೆ. ಚಲನೆ ನಿಂತ ಎಷ್ಟು ಹೊತ್ತಿಗೆ ಒಂದು ಘಟನೆ ಮುಗಿಯಿತೆಂದು ಗಣಿಸಬೇಕೆಂದು ಹೇಳುವ ‘ಈವೆಂಟ್ ಗ್ಯಾಪ್’ ಮೊದಲಿಗೆ 60 ಸೆಕೆಂಡು ಇರುವುದರಿಂದ, ನಾಯಿ ಓಡಿದ ಅರ್ಧ ನಿಮಿಷಕ್ಕೆ ಮನುಷ್ಯ ಬಂದರೆ ಹೊಸ ಎಚ್ಚರಿಕೆ ಏಳುವುದಿಲ್ಲ. ನಾನಾಗಿದ್ದರೆ 15ಕ್ಕೆ ಇಳಿಸುತ್ತಿದ್ದೆ.

ಪುಟದಲ್ಲಿ ಗಂಟೆ ಬಾರಿಸುವ ಆಸೆ ಇದ್ದರೆ, ನೋಡುವವರು ಒಮ್ಮೆಯಾದರೂ ಪುಟವನ್ನು ಒತ್ತದೆ ಬ್ರೌಸರ್ ಸದ್ದು ಹೊರಡಿಸುವುದಿಲ್ಲವಾದ್ದರಿಂದ, ‘ಕಾವಲು ಶುರು’ ಎಂಬ ಗುಂಡಿಯೊಂದನ್ನು ಇಡಿ. ಪರದೆ ಆರಿಸಿ ಜೇಬಿಗೆ ಹಾಕಿದ ಫೋನಿಗೆ ಮಾತ್ರ ಈ ವಿಧಾನ ನೆಚ್ಚುವಂಥದ್ದಲ್ಲ. ಅದಕ್ಕೆ ಪುಟ ಮುಚ್ಚಿದ್ದರೂ ಫೋನಿಗೆ ಸೂಚನೆ ಮುಟ್ಟಿಸುವ ‘ವೆಬ್ ಪುಶ್’ ಬೇಕು, ಅದನ್ನು ಬಳಸಲು ನಿಮ್ಮ ಪುಟ ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಸಂಪರ್ಕದ ಮೂಲಕವೇ ತೆರೆಯಬೇಕು.