ಮಳೆ ಬರುವ ದಿನ ಟ್ರೌಟ್ ಹಿಡಿಯಲು ಹೋಗಬಹುದಾ?

ರಜೆ ಸಿಕ್ಕಿರುವುದು ಒಂದೇ ದಿನ, ಅವತ್ತೇ ಮಳೆಯಂತೆ, ಫ್ಲೈ ಫಿಶಿಂಗ್‌ಗೆ ನದಿಗೆ ಹೋಗಲಾ ಬಿಡಲಾ ಅಂತ ಕೇಳಿದ್ದೀರಿ. (ಫ್ಲೈ ಅಂದರೆ ಗಾಳಕ್ಕೆ ನೂಲು, ಗರಿ ಸುತ್ತಿ ಮಾಡಿದ ನಕಲಿ ಹುಳು.) ಗುಡುಗು ಇಲ್ಲದಿದ್ದರೆ ಖಂಡಿತ ಹೋಗಿ. ನನಗೆ ಒಳ್ಳೆಯ ಮೀನು ಸಿಕ್ಕಿದ ದಿನಗಳಲ್ಲಿ ಜಾಸ್ತಿ ಪಾಲು ಸೋನೆ ಮಳೆಯ ದಿನಗಳೇ.

ಟ್ರೌಟ್ ತುಂಬಾ ಅಂಜುವ ಮೀನು. ಬಿಸಿಲಿದ್ದರೆ ನಿಮ್ಮ ನೆರಳು ಬಿದ್ದರೂ ಸಾಕು, ಓಡಿಹೋಗುತ್ತದೆ. ಮೋಡ ಕವಿದು ನೀರಿನ ಮೇಲೆ ಹನಿ ಬೀಳುತ್ತಿದ್ದರೆ ಅದಕ್ಕೆ ನೀವು ಸರಿಯಾಗಿ ಕಾಣುವುದಿಲ್ಲ. ಇನ್ನೂ ಹತ್ತಿರ ಹೋಗಬಹುದು. ಬೇಸಿಗೆಯಾದರೆ ಮಳೆ ನೀರನ್ನು ತಂಪು ಮಾಡುತ್ತದೆ, ಅದೂ ಒಳ್ಳೆಯದೇ. ನೀರು 20 ಡಿಗ್ರಿ ದಾಟಿದರೆ ಟ್ರೌಟ್‌ಗೆ ಕಷ್ಟ, ಆಗ ಅದನ್ನು ಹಿಡಿಯದೆ ಬಿಡುವುದೇ ಸರಿ.

ಎಲ್ಲಕ್ಕಿಂತ ಮುಖ್ಯ ಟ್ರೌಟ್ ತಿನ್ನುವ ಹುಳುಗಳು. ಬೇಟಿಸ್ ಅನ್ನುವ ಸಣ್ಣ ಮೇಫ್ಲೈ ಇಂಥ ಮಬ್ಬು ದಿನಗಳಲ್ಲೇ ಚೆನ್ನಾಗಿ ಹೊರಬರುತ್ತದೆ. ನೀರಿನಡಿಯಿಂದ ಮೇಲೆ ಬಂದು, ರೆಕ್ಕೆ ಬಿಚ್ಚಿ ಹಾರಬೇಕು. ಥಂಡಿ, ತೇವದಲ್ಲಿ ರೆಕ್ಕೆ ಬೇಗ ಸಜ್ಜಾಗುವುದಿಲ್ಲ. ಪುಟ್ಟ ಹಾಯಿದೋಣಿಯ ಹಾಗೆ ರೆಕ್ಕೆ ನೆಟ್ಟಗೆ ಮಾಡಿಕೊಂಡು ತೇಲುತ್ತಾ ಬರುತ್ತದೆ. ಮೀನಿಗೆ ಅವಸರವೇ ಇಲ್ಲ.

ಒಮ್ಮೆ ನಾನು ಅರ್ಧ ದಿನ ಮಳೆಯಲ್ಲಿ ನಿಂತು ಏನೂ ಸಿಗದೆ ಹೊರಡುವುದರಲ್ಲಿದ್ದೆ. ಹನಿಗಳ ಉಂಗುರ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಸುಮ್ನೆ ಒಂದೇ ಜಾಗ ನೋಡುತ್ತಾ ನಿಂತಾಗ ವ್ಯತ್ಯಾಸ ಗೊತ್ತಾಯಿತು. ಹನಿ ಬಿದ್ದರೆ ನೀರು ಪುಟಿಯುತ್ತದೆ. ಮೀನು ಬಾಯಿ ಹಾಕಿದರೆ ನೀರು ಮೆಲ್ಲಗೆ ಉಬ್ಬಿ, ಉಂಗುರ ಅಗಲವಾಗಿ ಹರಡಿ, ಮಧ್ಯೆ ಒಂದು ಗುಳ್ಳೆ ಉಳಿಯುತ್ತದೆ. ದಡದಿಂದ ಎರಡು ಮಾರು ದೂರದಲ್ಲಿ, ಒಂದೇ ಬಂಡೆಯ ಹಿಂದೆ, ಮತ್ತೆ ಮತ್ತೆ ಅದೇ ಗುಳ್ಳೆ! 18ನೇ ನಂಬರಿನ, ಅಂದರೆ ತುಂಬಾ ಸಣ್ಣ, ಬೂದು ಬಣ್ಣದ ಫ್ಲೈ ಕಟ್ಟಿ, ಬಂಡೆಗಿಂತ ಸ್ವಲ್ಪ ಮೇಲೆ, ನೀರು ಬರುವ ಕಡೆ ಇಳಿಸಿದೆ. ಮೂರನೇ ಸಲ ತೇಲಿ ಬಂದಾಗ ಮೂತಿ ಮೇಲೆ ಬಂತು. ಆ ಕಂದು ಟ್ರೌಟ್‌ನ ಮೈಮೇಲಿನ ಕೆಂಪು ಚುಕ್ಕೆಗಳು ಆ ಬೂದು ಬೆಳಕಿನಲ್ಲಿ ಎಷ್ಟು ಚೆಂದ ಕಂಡವು ಅಂದರೆ, ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೈ ಒದ್ದೆ ಇದ್ದದ್ದರಿಂದ ಮೈಮೇಲಿನ ಲೋಳೆಗೆ ಪೆಟ್ಟಾಗಲಿಲ್ಲ. ನೀರಿನಲ್ಲೇ ಗಾಳ ಬಿಡಿಸಿ, ನೀರು ಬರುವ ದಿಕ್ಕಿಗೆ ಅದರ ಮುಖ ಮಾಡಿ ಬಿಟ್ಟೆ.

ಆದರೆ ಒಂದು ಮಾತು. ಆಕಾಶಕ್ಕಿಂತ ನೀರನ್ನು ನೋಡಿ. ಮೊಣಕಾಲುದ್ದ ನೀರಿನಲ್ಲಿ ನಿಂತು ನಿಮ್ಮ ಬೂಟು ಕಾಣುತ್ತಿದೆಯಾ? ಹಾಗಾದರೆ ಆಟ ಇದೆ. ಸ್ವಲ್ಪ ಕಲಕಿದ್ದರೆ ತೇಲುವ ಫ್ಲೈ ಬಿಟ್ಟು, ಮುಳುಗುವ ನಿಂಫ್ (ನೀರಿನಡಿಯ ಮರಿಹುಳುವಿನಂಥ ಫ್ಲೈ) ಅಥವಾ ದೊಡ್ಡ ಕಪ್ಪು ಸ್ಟ್ರೀಮರ್ (ಸಣ್ಣ ಮೀನಿನಂಥ ಫ್ಲೈ) ಕಟ್ಟಿ. ನೀರು ಏರಿದಾಗ ಮೀನು ನಡುಹೊಳೆಯ ಸೆಳವು ಬಿಟ್ಟು ದಡದ ಹತ್ತಿರ, ನೀರು ನಿಧಾನ ಇರುವ ಕಡೆ ಬರುತ್ತದೆ. ಹಾಗಾಗಿ ನೀರಿಗೆ ಇಳಿಯುವ ಮೊದಲು ಅಂಚಿನಲ್ಲೇ ಒಂದೆರಡು ಸಲ ಎಸೆಯಿರಿ. ಪೂರ್ತಿ ರಾಡಿಯಾದರೆ ವಾಪಸ್ ಬನ್ನಿ, ಮೀನಿಗೆ ಫ್ಲೈ ಕಾಣುವುದೇ ಕಷ್ಟ.

ನೀರಿನ ಅಂಚಿನ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ. ಅದು ಮುಳುಗಿತು, ಅಥವಾ ಎಲೆ, ಕಡ್ಡಿ ಜಾಸ್ತಿ ತೇಲಿ ಬರತೊಡಗಿತು ಅಂದರೆ ತಡಮಾಡದೆ ದಡಕ್ಕೆ ಬನ್ನಿ. ಮೇಲುಗಡೆ ಸುರಿದ ಮಳೆ ನಿಮ್ಮ ಹತ್ತಿರ ತಡವಾಗಿ ಬರುತ್ತದೆ. ಗುಡುಗು ಕೇಳಿಸಿದರೆ ರಾಡ್ ಕೆಳಗಿಟ್ಟು ನೀರಿನಿಂದ ದೂರ ಹೋಗಿ. ಕಾರ್ಬನ್ ರಾಡ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಮತ್ತೆ ಇಳಿಯಬೇಡಿ.

ಫ್ಲೈ ನೆನೆದು ಮುಳುಗುತ್ತಿರುತ್ತದೆ, ಒಣಬಟ್ಟೆಯ ತುಂಡೊಂದು ಒಳಜೇಬಿನಲ್ಲಿರಲಿ. ಮನೆಗೆ ಬಂದ ರಾತ್ರಿ ಫ್ಲೈ ಡಬ್ಬಿಯ ಮುಚ್ಚಳ ತೆರೆದಿಡಿ, ಇಲ್ಲದಿದ್ದರೆ ಗಾಳಗಳಿಗೆಲ್ಲ ತುಕ್ಕು ಹಿಡಿಯುತ್ತದೆ.