ಸ್ಟಾಕ್‌ಹೋಮ್‌ಗೆ ಬೇಸಿಗೆಯ ಕೆಲಸಕ್ಕೆ ಬರುತ್ತಿದ್ದೀರಾ? ಮೊದಲು ಜುಲೈ ವಿಷಯ

ಜೂನ್ ಎರಡನೇ ವಾರದಿಂದ ಆಗಸ್ಟ್ ಕೊನೆವರೆಗೆ ಸ್ಟಾಕ್‌ಹೋಮ್‌ನ ಕಿಸ್ತಾದಲ್ಲಿ ಕೆಲಸ, ಪರ್ಮಿಟ್ ಬಂದಾಗಿದೆ, ತೀರ್ಥಹಳ್ಳಿ ಕಡೆಯವಳು, ದೇಶ ಬಿಡುತ್ತಿರುವುದು ಇದೇ ಮೊದಲು ಅಂತ ಬರೆದಿದ್ದೀರಿ. ಮನೆ ಸಿಗುತ್ತಾ, ಸಸ್ಯಾಹಾರಿಗಳಿಗೆ ಊಟಕ್ಕೆ ಕಷ್ಟವಾ, ಜನ ಮಾತಾಡಿಸುತ್ತಾರಾ ಅಂತ ಕೇಳಿದ್ದೀರಿ. ಎಲ್ಲಕ್ಕೂ ಬರುತ್ತೇನೆ. ಆದರೆ ನೀವು ಕೇಳದೇ ಇರುವ ಒಂದು ವಿಷಯವಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಜುಲೈ ತಿಂಗಳಲ್ಲಿ ನಿಮ್ಮ ಆಫೀಸಿನಲ್ಲಿ ಹೆಚ್ಚುಕಮ್ಮಿ ಯಾರೂ ಇರುವುದಿಲ್ಲ.

ಸ್ವೀಡನ್ ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ 25 ದಿನ ರಜೆ. ಅದರಲ್ಲಿ ನಾಲ್ಕು ವಾರವನ್ನು ಜೂನ್‌ನಿಂದ ಆಗಸ್ಟ್ ಒಳಗೆ ಒಟ್ಟಿಗೆ ತೆಗೆದುಕೊಳ್ಳುವ ಹಕ್ಕೂ ಇದೆ. ಬಹಳ ಜನ ಜುಲೈನಲ್ಲೇ ತೆಗೆದುಕೊಳ್ಳುತ್ತಾರೆ. ಚಳಿಗಾಲವೆಲ್ಲ ಮಧ್ಯಾಹ್ನ ಮೂರಕ್ಕೇ ಕತ್ತಲು ನೋಡಿದವರು, ಬಿಸಿಲು ಬಂದಾಗ ಕಂಪ್ಯೂಟರ್ ಮುಂದೆ ಕೂರಿ ಅಂದರೆ ಕೂರುತ್ತಾರಾ? ನಾನೂ ಈಗ ಅವರ ಪಾರ್ಟಿಯೇ. ಮೇಲ್ ಕಳಿಸಿದರೆ ‘ಆಗಸ್ಟ್‌ನಲ್ಲಿ ಸಿಗುತ್ತೇನೆ’ ಅಂತ ತಾನಾಗಿಯೇ ಉತ್ತರ ಬರುತ್ತದೆ. ಹೋಗಲಿ, ಫೋನ್ ಮಾಡಿ ಕೇಳೋಣ ಅಂದುಕೊಳ್ಳಬೇಡಿ. ರಜೆಯಲ್ಲಿರುವವರಿಗೆ ಆಫೀಸಿನ ಫೋನ್ ಹೋಗುವುದು ಇಲ್ಲಿ ಮರ್ಯಾದೆ ಅಲ್ಲ.

ಹಾಗಾಗಿ ಜೂನ್‌ನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನಗಳನ್ನು ಸುಮ್ನೆ ಕಳೆಯಬೇಡಿ. ಬಾಗಿಲ ಕಾರ್ಡು, ಲ್ಯಾಪ್‌ಟಾಪ್, ಯಾವ ಸಿಸ್ಟಮ್‌ಗೆ ಪರ್ಮಿಷನ್ ಬೇಕು, ಅದನ್ನು ಕೊಡುವವರು ಯಾರು, ಎಲ್ಲ ಕೇಳಿ ಮುಗಿಸಿ. ಪರ್ಮಿಷನ್ ಕೊಡಬೇಕಾದ ಒಬ್ಬನೇ ಮನುಷ್ಯ ದೋಣಿ ಹತ್ತಿ ಯಾವುದೋ ದ್ವೀಪಕ್ಕೆ ಹೋಗಿ, ಇಲ್ಲಿ ಹುಡುಗರು ವಾರಗಟ್ಟಲೆ ಕೈಕಟ್ಟಿ ಕೂತಿದ್ದನ್ನು ನೋಡಿದ್ದೇನೆ. ಜುಲೈನಲ್ಲಿ ಒಬ್ಬರೇ ಮಾಡಬಹುದಾದ ಕೆಲಸ ಯಾವುದು, ಸಿಕ್ಕಿಹಾಕಿಕೊಂಡರೆ ಯಾರನ್ನು ಕೇಳಲಿ, ಇವೆರಡಕ್ಕೆ ಮ್ಯಾನೇಜರ್ ಕೈಲಿ ಬರೆಸಿಕೊಳ್ಳಿ. ‘ಸರ್’, ‘ಮೇಡಂ’ ಬೇಡ, ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ಮೊದಲೆರಡು ದಿನ ನಾಲಿಗೆ ತಡೆಯುತ್ತದೆ, ಆಮೇಲೆ ರೂಢಿಯಾಗುತ್ತದೆ.

ಇದಕ್ಕೆಲ್ಲ ಗಡುವು ಯಾವಾಗ ಅಂದರೆ ಮಿಡ್‌ಸಮ್ಮರ್, ಇಲ್ಲಿಯವರ ಬೇಸಿಗೆ ಹಬ್ಬ. ಜೂನ್ 19ರಿಂದ 25ರ ಒಳಗೆ ಬರುವ ಶುಕ್ರವಾರ. ಅಂದು ಊರು ಖಾಲಿ, ಅಂಗಡಿಗಳೂ ಎಷ್ಟೋ ಮುಚ್ಚಿರುತ್ತವೆ. ಹಾಲು, ಬ್ರೆಡ್ಡು ಗುರುವಾರವೇ ತಂದಿಟ್ಟುಕೊಳ್ಳಿ. ಸಹೋದ್ಯೋಗಿ ಯಾರಾದರೂ ‘ನಮ್ಮ ಊರಮನೆಗೆ ಬಾ’ ಅಂದರೆ ಯೋಚನೆ ಮಾಡದೆ ಹೊರಡಿ. ಹೂವು, ಎಲೆ ಸುತ್ತಿದ ಕಂಬ ನಿಲ್ಲಿಸಿ, ಅದರ ಸುತ್ತ ಮುದುಕರು ಮಕ್ಕಳೆಲ್ಲ ಕಪ್ಪೆಗಳ ಥರ ಕುಪ್ಪಳಿಸುತ್ತಾರೆ. ಆಫೀಸಿನಲ್ಲಿ ತುಟಿ ಬಿಚ್ಚದವರೂ ಅಲ್ಲಿ ಕುಣಿಯುತ್ತಾರೆ. ಊಟಕ್ಕೆ ಉಪ್ಪು, ವಿನಿಗರ್‌ನಲ್ಲಿಟ್ಟ ಹೆರಿಂಗ್ ಮೀನು ಇರುತ್ತದೆ, ಅದನ್ನು ಬಿಡಿ. ಪಕ್ಕದಲ್ಲಿ ಹೊಸ ಆಲೂಗಡ್ಡೆ ಬೇಯಿಸಿ, ಬೆಣ್ಣೆ ಹಾಕಿ, ಮೇಲೆ ಕೈತುಂಬ ಸಬ್ಬಸಿಗೆ ಸೊಪ್ಪು ಉದುರಿಸಿರುತ್ತಾರೆ. ಹೌದು, ನಮ್ಮ ಸಬ್ಬಸಿಗೆಯೇ. ಈ ದೇಶದಲ್ಲಿ ಅದಿಲ್ಲದೆ ಬೇಸಿಗೆ ಇಲ್ಲ. ಅಂಗಡಿಯಲ್ಲಿ ಪುಟ್ಟ ಕುಂಡದಲ್ಲಿ ಗಿಡವೇ ಸಿಗುತ್ತದೆ. ಭಾರತದ ಅಂಗಡಿಯಿಂದ ಅಕ್ಕಿಹಿಟ್ಟು ತಂದರೆ ಶನಿವಾರದ ರೊಟ್ಟಿಗೆ ಚಿಂತೆಯಿಲ್ಲ.

ಊಟದ ಬಗ್ಗೆ ನೀವು ಜಾಸ್ತಿ ಹೆದರಿದ್ದೀರಿ. ಅಕ್ಕಿ, ಬೇಳೆ, ಸಾಸಿವೆ ಎಲ್ಲ ಇಲ್ಲೇ ಸಿಗುತ್ತದೆ, ಸೂಟ್‌ಕೇಸ್ ತುಂಬ ಹೊತ್ತು ತರಬೇಡಿ. ಮನೆಯ ಸಾರಿನಪುಡಿ ಮಾತ್ರ ತನ್ನಿ. ಹಾಲಿನ ಡಬ್ಬದಲ್ಲಿ ಕೆಂಪು ಬಣ್ಣದ್ದು ಶೇ 3 ಕೊಬ್ಬಿನದು, ಮೊಸರಿಗೆ ಅದೇ ಸರಿ. ಹೆಪ್ಪು ಹಾಕುವ ತಾಳ್ಮೆ ಇಲ್ಲದಿದ್ದರೆ ಶೇ 10 ಕೊಬ್ಬಿನ ಟರ್ಕಿ ಮೊಸರಿದೆ, ಮೊಸರನ್ನಕ್ಕೆ ನಮ್ಮ ಮನೆಯಲ್ಲಿ ಈಗ ಅದೇ. ಮಧ್ಯಾಹ್ನಕ್ಕೆ ಡಬ್ಬಿ ಒಯ್ಯಿರಿ. ಸಂಕೋಚ ಬೇಡ, ಇಲ್ಲಿಯವರೂ ಡಬ್ಬಿಯವರೇ, ಮೈಕ್ರೋವೇವ್ ಮುಂದೆ ಕ್ಯೂ ಇರುತ್ತದೆ. ಒಗ್ಗರಣೆ ಹಾಕುವಾಗ ಮಾತ್ರ ಕಿಟಕಿ ತೆರೆದಿರಲಿ, ಹೊಗೆ ಅಲಾರಂ ಸಾಸಿವೆಯನ್ನು ಸಹಿಸುವುದಿಲ್ಲ.

ಮನೆ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ. ವರ್ಷವಿಡೀ ಇರಲು ಬರುವವರಿಗೆ ಸ್ಟಾಕ್‌ಹೋಮ್‌ನಲ್ಲಿ ಮನೆ ಹುಡುಕುವುದು ತಲೆನೋವು, ಬಾಡಿಗೆ ಸರತಿಯಲ್ಲಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಬೇಸಿಗೆಯಲ್ಲಿ ಹಾಗಲ್ಲ. ವಿದ್ಯಾರ್ಥಿಗಳು ಊರಿಗೆ ಹೋಗಿರುತ್ತಾರೆ, ಉಳಿದವರು ಊರಮನೆ ಸೇರಿರುತ್ತಾರೆ, ಹಾಗಾಗಿ ಎರಡು ಮೂರು ತಿಂಗಳಿಗೆ ಕೊಡುವ ಮನೆ, ರೂಮು ಸಿಗುತ್ತವೆ. ನೀವೋ, ಇಲ್ಲಿ ಪರಿಚಯದವರೋ ಒಳಗೆ ಹೋಗಿ ನೋಡುವ ತನಕ ಒಂದು ಕ್ರೋನವನ್ನೂ ಕಳಿಸಬೇಡಿ. ‘ನಾನು ವಿದೇಶದಲ್ಲಿದ್ದೇನೆ, ಅಡ್ವಾನ್ಸ್ ಹಾಕಿ, ಕೀಲಿ ಪೋಸ್ಟ್‌ನಲ್ಲಿ ಬರುತ್ತೆ’ ಅಂದರೆ ಅದು ಮೋಸವೇ, ಎರಡನೇ ಮಾತಿಲ್ಲ. ಕಿಸ್ತಾದಲ್ಲೇ ಮನೆ ಆಗಬೇಕು ಅಂತಿಲ್ಲ, ಮೆಟ್ರೋದ ನೀಲಿ ಲೈನಿನಲ್ಲಿ ಎಲ್ಲಿದ್ದರೂ ನಡೆಯುತ್ತದೆ.

ಮನೆಗಿಂತ ಮುಖ್ಯ ಬಟ್ಟೆ ಒಗೆಯುವ ಕೋಣೆ. ನಗಬೇಡಿ. ಬಹಳಷ್ಟು ಕಟ್ಟಡಗಳಲ್ಲಿ ಇದು ಬೇಸ್‌ಮೆಂಟಿನಲ್ಲಿ ಎಲ್ಲರಿಗೂ ಸೇರಿ ಇರುವುದು. ಹಳೇ ಕಟ್ಟಡವಾದರೆ ಗೋಡೆಯ ಮೇಲೊಂದು ಬೋರ್ಡು, ಅದರಲ್ಲಿ ತಿಂಗಳ ತಾರೀಕುಗಳು, ಒಂದೊಂದು ತಾರೀಕಿಗೂ ನಾಲ್ಕಾರು ತೂತು. ಪ್ರತಿ ಮನೆಗೂ ಹೆಬ್ಬೆರಳಿನಷ್ಟು ಒಂದು ಬೀಗ, ಮೇಲೆ ಮನೆ ನಂಬರು. ಬೇಕಾದ ಹೊತ್ತಿನ ತೂತಿಗೆ ಅದನ್ನು ಸಿಕ್ಕಿಸಿ ಕೀಲಿ ತಿರುಗಿಸಿದರೆ ಆ ಹೊತ್ತು ನಿಮ್ಮದು. ಮುಗಿದಮೇಲೆ ಡ್ರೈಯರ್ ಜಾಲರಿಯಲ್ಲಿ ಕೂತ ಹಿಂಜನ್ನು, ಅಂದರೆ ಬಟ್ಟೆಯಿಂದ ಉದುರಿದ ಎಳೆಗಳನ್ನು, ತೆಗೆಯಬೇಕು, ನೆಲ ಒರೆಸಬೇಕು, ಸಮಯಕ್ಕೆ ಸರಿಯಾಗಿ ಹೊರಗೆ ಬರಬೇಕು. ಹಿಂಜು ಬಿಟ್ಟಿರೋ, ಮರುದಿನ ಬಾಗಿಲ ಮೇಲೆ ಚೀಟಿ. ಎದುರಿಗೆ ಯಾರೂ ಬೈಯುವುದಿಲ್ಲ, ಮೆಟ್ಟಿಲಲ್ಲಿ ಸಿಕ್ಕರೆ ನಗುತ್ತಾರೆ. ಸಿಟ್ಟೆಲ್ಲ ಚೀಟಿಯಲ್ಲಿ, ಕೆಲವೊಮ್ಮೆ ಕೆಳಗೆ ಎರಡೆರಡು ಗೀಟು ಎಳೆದು.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಒಂದು ವರ್ಷಕ್ಕಿಂತ ಕಡಿಮೆ ಇರುವವರಿಗೆ ಇಲ್ಲಿನ ಪೆರ್ಶೂನ್‌ನುಮ್ಮರ್ ಸಿಗುವುದಿಲ್ಲ. ಅದು ನಮ್ಮ ಆಧಾರ್ ಇದ್ದಂತೆ, ಎಲ್ಲದಕ್ಕೂ ಕೇಳುತ್ತಾರೆ. ಅದಿಲ್ಲದೆ ಬ್ಯಾಂಕ್ ಖಾತೆ ಕಷ್ಟ, ಖಾತೆ ಇಲ್ಲದೆ ಸ್ವಿಶ್ ಇಲ್ಲ. ಸ್ವಿಶ್ ಅಂದರೆ ಇಲ್ಲಿಯವರ ಯುಪಿಐ. ನೋಟು ತಂದರೆ ತೆಗೆದುಕೊಳ್ಳುವವರೇ ಕಡಿಮೆ. ಆದ್ದರಿಂದ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇರುವ ಎರಡು ಕಾರ್ಡು, ಬೇರೆ ಬೇರೆ ಬ್ಯಾಂಕಿನದು, ವಿದೇಶಿ ಬಳಕೆ ಆನ್ ಮಾಡಿಸಿ ತನ್ನಿ. ಆರು ತಿಂಗಳೊಳಗೆ ವಾಪಸ್ ಹೋಗುವವರಿಗೆ ಸಿಂಕ್ ಅಂತ ಒಂದೇ ದರದ ಬೇರೆ ತೆರಿಗೆ ಇದೆ. ಅರ್ಜಿ ಹಾಕಿದರೆ ಮಾತ್ರ ಸಿಗುವುದು, ಕಂಪನಿಯವರನ್ನು ಈಗಲೇ ಕೇಳಿಡಿ. ಅರ್ಲಾಂಡಾ ಏರ್‌ಪೋರ್ಟ್‌ನಿಂದ ಎಕ್ಸ್‌ಪ್ರೆಸ್ ರೈಲು ದುಬಾರಿ. 583 ನಂಬರ್ ಬಸ್ಸಿನಲ್ಲಿ ಮೆರ್ಸ್ತಾಗೆ ಹೋಗಿ, ಅಲ್ಲಿಂದ ಲೋಕಲ್ ರೈಲು ಹಿಡಿದರೆ ಊರಿನ ಮಾಮೂಲಿ ಟಿಕೆಟ್ ಸಾಕು.

ಜನ ಮಾತಾಡಿಸುತ್ತಾರಾ? ತಾವಾಗಿ ಬಂದು ಮಾತಾಡಿಸುವುದು ಕಡಿಮೆ. ಆದರೆ ದಿನಕ್ಕೆರಡು ಸಲ ಎಲ್ಲರೂ ಎದ್ದು ಕಾಫಿಗೆ ಹೋಗುತ್ತಾರೆ, ಅದೇ ಫೀಕಾ. ಕೆಲಸ ಬಿಟ್ಟು ಹೋದರೆ ಏನಂದುಕೊಳ್ಳುತ್ತಾರೋ ಅಂತ ಸೀಟಿನಲ್ಲೇ ಕೂರಬೇಡಿ. ಹೋಗದಿದ್ದರೇ ಅಂದುಕೊಳ್ಳುವುದು. ಅಲ್ಲಿ ಮಳೆ ಬಗ್ಗೆ, ರಜೆ ಬಗ್ಗೆ ಕೇಳಿ, ಮಾತು ತಾನಾಗಿ ಬರುತ್ತದೆ. ‘ಸಂಜೆ ಬನ್ನಿ, ಊಟ ಮಾಡ್ಕೊಂಡು ಹೋಗಿ’ ಅನ್ನುವುದು ಇಲ್ಲಿ ನಡೆಯುವುದಿಲ್ಲ. ಎರಡು ವಾರ ಮೊದಲೇ ಕ್ಯಾಲೆಂಡರ್‌ನಲ್ಲಿ ಬರೆದುಕೊಳ್ಳುವ ಜನ. ಅದನ್ನು ಸೊಕ್ಕು ಅನ್ನುವ ನಮ್ಮವರಿದ್ದಾರೆ, ನಾನು ಒಪ್ಪುವುದಿಲ್ಲ. ಬರೆದುಕೊಂಡ ದಿನ ತಪ್ಪಿಸುವುದಿಲ್ಲ, ಅದೂ ಒಂದು ಮರ್ಯಾದೆಯೇ ಅಲ್ವಾ?

ಜುಲೈನಲ್ಲಿ ಬೇಜಾರಾಗುತ್ತದೆ, ಅದಕ್ಕೆ ಈಗಲೇ ತಯಾರಾಗಿ. ಸೂರ್ಯ ಮುಳುಗುವುದೇ ರಾತ್ರಿ ಹತ್ತರ ಸುಮಾರಿಗೆ, ನಾಲ್ಕಕ್ಕೆಲ್ಲ ಮತ್ತೆ ಬೆಳಕು. ಕಣ್ಣಿಗೆ ಕಟ್ಟಿಕೊಳ್ಳುವ ಪಟ್ಟಿ ತನ್ನಿ, ಇಲ್ಲದಿದ್ದರೆ ನಿದ್ದೆ ಇಲ್ಲ. ಆ ಬೆಳಕನ್ನು ರೂಮಿನಲ್ಲಿ ಕೂತು ಹಾಳು ಮಾಡಬೇಡಿ. ಆಫೀಸ್ ಮುಗಿಸಿ ಲೋಂಗ್‌ಹೋಲ್ಮೆನ್‌ಗೆ ಹೋಗಿ, ನಡು ಊರಿನಲ್ಲೇ ಮೆಲಾರೆನ್ ಸರೋವರದಲ್ಲಿ ಈಜಬಹುದು. ಭಾನುವಾರ ದೋಣಿಯಲ್ಲಿ ಗ್ರಿಂಡಾ ದ್ವೀಪಕ್ಕೆ ಹೋಗಿಬನ್ನಿ. ಜುಲೈ ಕೊನೆಗೆ ಕಾಡಿನಲ್ಲಿ ಬ್ಲೂಬೆರಿ ಹಣ್ಣಾಗುತ್ತದೆ, ಯಾರು ಬೇಕಾದರೂ ಕಿತ್ತು ತಿನ್ನಬಹುದು, ಕೇಳುವವರಿಲ್ಲ.

ಕಾಡಿಗೆ ಹೋದರೆ ಒಂದು ಎಚ್ಚರಿಕೆ, ನೀವು ತೀರ್ಥಹಳ್ಳಿಯವರಾದ್ದರಿಂದ ಬೇಗ ಅರ್ಥವಾಗುತ್ತದೆ. ಇಲ್ಲಿಯ ಹುಲ್ಲಿನಲ್ಲೂ ಉಣ್ಣಿ ಇದೆ. ಅದರಿಂದ ಬರುವ ಟಿಬಿಇ ಅನ್ನುವ ಮೆದುಳಿನ ಜ್ವರದ ವೈರಸ್, ನಮ್ಮ ಮಂಗನ ಕಾಯಿಲೆಯ ವೈರಸ್ಸಿನ ಹತ್ತಿರದ ಸಂಬಂಧಿ. ಸ್ಟಾಕ್‌ಹೋಮ್ ಸುತ್ತಲಿನ ದ್ವೀಪಗಳಲ್ಲಿ ಅದಿದೆ. ಇದಕ್ಕೆ ಲಸಿಕೆ ಇದೆ, ಮೊದಲೆರಡು ಡೋಸ್ ನಡುವೆ ಸಾಮಾನ್ಯವಾಗಿ ತಿಂಗಳ ಅಂತರ ಬೇಕು, ಹಾಗಾಗಿ ಬಂದ ವಾರವೇ ವಿಚಾರಿಸಿ. ಉದ್ದ ಕಾಲುಚೀಲದೊಳಗೆ ಪ್ಯಾಂಟ್ ತೂರಿಸಿಕೊಳ್ಳಿ. ಮನೆಗೆ ಬಂದಮೇಲೆ ಮೊಣಕಾಲಿನ ಹಿಂದೆ, ಕಂಕುಳಲ್ಲಿ ನೋಡಿಕೊಳ್ಳಿ. ಕಚ್ಚಿದ್ದರೆ ಚಿಮುಟದಿಂದ ಬುಡದಲ್ಲೇ ಹಿಡಿದು ಎಳೆಯಿರಿ. ಕೆಲವು ದಿನ ಬಿಟ್ಟು ಆ ಜಾಗದಲ್ಲಿ ಕೆಂಪು ಉಂಗುರ ಹರಡುತ್ತಾ ಹೋದರೆ 1177ಕ್ಕೆ ಫೋನ್ ಮಾಡಿ, ನರ್ಸ್ ಸಿಗುತ್ತಾರೆ. ಆ ಉಂಗುರ ಟಿಬಿಇಯದಲ್ಲ, ಉಣ್ಣಿಯಿಂದಲೇ ಬರುವ ಲೈಮ್ ಅನ್ನುವ ಬೇರೆ ಕಾಯಿಲೆಯದು. ಅದಕ್ಕೆ ಆಂಟಿಬಯಾಟಿಕ್ ಇದೆ, ಆದರೆ ಪೆರ್ಶೂನ್‌ನುಮ್ಮರ್ ಇಲ್ಲದ ನಿಮಗೆ ಡಾಕ್ಟರ್ ಬಿಲ್ ದೊಡ್ಡದು. ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿಕೊಂಡೇ ವಿಮಾನ ಹತ್ತಿ.