'ಟೇಕ್ ದಿ ಲೀಡ್' ಮೊದಲು ಹಾಕಬೇಡಿ ಮೇಡಂ

ಮೇಡಂ, ನಿಮ್ಮ ಪೋಸ್ಟ್ ಈಗ ನೋಡಿದೆ. ಶನಿವಾರ ಐದರಿಂದ ಏಳನೇ ಕ್ಲಾಸಿನ ಮಕ್ಕಳಿಗೆ ಹಾಲಿವುಡ್ ಡ್ಯಾನ್ಸ್ ಸಿನಿಮಾ 'ಟೇಕ್ ದಿ ಲೀಡ್' ತೋರಿಸಿ, "ನಿಜವಾಗಿ ನಡೆದ ಕಥೆ" ಅಂತ ಹೇಳಿ, ಸೋಮವಾರದಿಂದ ವಾರ್ಷಿಕೋತ್ಸವಕ್ಕೆ ಟ್ಯಾಂಗೊ ಎಂಬ ಜೋಡಿ ನೃತ್ಯ ಶುರು ಮಾಡುತ್ತೇನೆ ಅಂದಿದ್ದೀರಿ. ಕೆಳಗೆ ಎಲ್ಲರೂ ಹಾರ್ಟ್ ಹಾಕಿದ್ದಾರೆ. ನಾನು ಹಾಕುವುದಿಲ್ಲ. ಇದೇ ಸಿನಿಮಾ, ಇದೇ ಕ್ರಮ ಹಿಡಿದು ನಾನೂ ಕೈ ಸುಟ್ಟುಕೊಂಡವನು. ನಾಯಕನ ಪಾತ್ರದ ಆಂಟೋನಿಯೊ ಬಾಂಡೆರಾಸ್ ಟ್ಯಾಂಗೊ ಮಾಡುವ ಸೀನಿಗೆ ಮಕ್ಕಳು ಶಿಳ್ಳೆ ಹೊಡೆದರು. ಆಮೇಲೆ ಜೋಡಿಯಾಗಿ ನಿಲ್ಲಿ ಅಂದರೆ ಎಲ್ಲರೂ ಗೋಡೆಗೆ ಅಂಟಿಕೊಂಡರು. ಆ ಸೀನ್ ನೋಡಿದ ಹನ್ನೊಂದು ವರ್ಷದ ಹುಡುಗಿ ಎಲ್ಲರೆದುರು ಹುಡುಗನ ಕೈ ಹಿಡಿಯಲು ಯಾಕೆ ಬರುತ್ತಾಳೆ ಹೇಳಿ.

ಮೊದಲು ಆ "ನಿಜ ಕಥೆ". ಬಾಂಡೆರಾಸ್ ಮಾಡಿದ ಪಾತ್ರ, ನೃತ್ಯ ಶಿಕ್ಷಕ ಪಿಯರ್ ಡ್ಯುಲೇನ್, ನಿಜವಾದ ವ್ಯಕ್ತಿಯೇ. ಅವರು 1994ರಲ್ಲಿ ನ್ಯೂಯಾರ್ಕ್ ಶಾಲೆಗಳಲ್ಲಿ 'ಡ್ಯಾನ್ಸಿಂಗ್ ಕ್ಲಾಸ್‌ರೂಮ್ಸ್' ಎಂಬ ಜೋಡಿ ನೃತ್ಯದ ಪಾಠ ಶುರು ಮಾಡಿದ್ದೂ ನಿಜ. ಆದರೆ ಅದು ಐದನೇ ಕ್ಲಾಸಿನ ಮಕ್ಕಳ ಜೊತೆ ಬೆಳೆದ ಕೆಲಸ. 10 ವಾರ, 20 ಪಾಠ. ಜಾಣರು, ತುಂಟರು ಅಂತ ಆರಿಸುವುದಿಲ್ಲ, ಇಡೀ ಕ್ಲಾಸ್ ಕುಣಿಯಬೇಕು. 2006ರ ಸಿನಿಮಾ ಇದನ್ನು ತೆಗೆದು ಹೈಸ್ಕೂಲಿನಲ್ಲಿ ಶಿಕ್ಷೆಗೆ ಕೂರಿಸಿದ ಮಕ್ಕಳ ಕಥೆ ಮಾಡಿತು. ಪ್ರಿನ್ಸಿಪಾಲರ ಕಾರು ಒಡೆಯುವುದು, ಹಿಪ್ ಹಾಪ್ ಜೊತೆ ಬೆರೆಸುವುದು, ಕೊನೆಗೆ ಮೂವರು ಸೇರಿ ಟ್ಯಾಂಗೊ ಮಾಡುವುದು, ಎಲ್ಲಾ ಮಜಾ ಇದೆ. ನನಗೂ ಇಷ್ಟವೇ. ಆದರೆ ಮಕ್ಕಳ ತಲೆಗೆ ಹೋಗುವುದು ಒಂದೇ ಮಾತು: ದಾರಿ ತಪ್ಪಿದವರನ್ನು ಸರಿ ಮಾಡಲು ಡ್ಯಾನ್ಸ್. ಹಾಗಾದರೆ ನಮ್ಮನ್ನು ಯಾಕೆ ಸೇರಿಸಿದ್ದಾರೆ ಅಂತ ಅವರು ಕೇಳೇ ಕೇಳುತ್ತಾರೆ. ಅಮೆರಿಕದಲ್ಲಿ ಅದಕ್ಕೆ ಪಿಜಿ-13 ರೇಟಿಂಗ್, ಅಂದರೆ ಹದಿಮೂರು ತುಂಬದವರಿಗೆ ತೋರಿಸುವ ಮೊದಲು ಹೆತ್ತವರು ಯೋಚಿಸಬೇಕು ಅಂತ. ಐದನೇ ಕ್ಲಾಸಿಗೆ ಬೇಡವೇ ಬೇಡ.

ನೀವು ಹಾಕಬೇಕಾದದ್ದು 'ಮ್ಯಾಡ್ ಹಾಟ್ ಬಾಲ್‌ರೂಮ್'. 2005ರ ಡಾಕ್ಯುಮೆಂಟರಿ, ನಿರ್ದೇಶನ ಮರಿಲಿನ್ ಅಗ್ರೆಲೊ. ಇದೇ ಡ್ಯುಲೇನ್ ಕಾರ್ಯಕ್ರಮ, ಆದರೆ ಕುಣಿಯುವವರು ನಿಜವಾದ ಐದನೇ ಕ್ಲಾಸಿನವರು. ನ್ಯೂಯಾರ್ಕಿನ ಮೂರು ಬಡಾವಣೆಗಳ ಮೂರು ಶಾಲೆಗಳು: ವಾಷಿಂಗ್ಟನ್ ಹೈಟ್ಸ್, ಟ್ರೈಬೆಕಾ, ಬೆನ್ಸನ್‌ಹರ್ಸ್ಟ್. ಡಾಕ್ಯುಮೆಂಟರಿ ಅಂದರೆ ಮಕ್ಕಳು ಮೂಗು ಮುರಿಯುತ್ತಾರೆ ಅನ್ನಬೇಡಿ. ಹುಡುಗರು ಹುಡುಗಿಯರ ಬಗ್ಗೆ, ಹುಡುಗಿಯರು ಹುಡುಗರ ಬಗ್ಗೆ ಆಡುವ ಮಾತು ಇದೆಯಲ್ಲ, ಅದಕ್ಕೇ ಸಾಕು. ಹಾಗಂತ ಒಂದೂಮುಕ್ಕಾಲು ಗಂಟೆ ಒಂದೇ ಸಲ ಓಡಿಸಬೇಡಿ. ಇಂಗ್ಲಿಷ್ ವೇಗವಾಗಿದೆ, ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ಸಬ್‌ಟೈಟಲ್ ಇದ್ದರೂ ಸಣ್ಣವರು ಅಷ್ಟು ಬೇಗ ಓದುವುದಿಲ್ಲ. ಮುಂದಿನ ಸಾಲಿನಲ್ಲಿ ಕೂತು ನೀವೇ ಕನ್ನಡದಲ್ಲಿ ಹೇಳುತ್ತಾ ಹೋಗಿ.

ಈಗ ನಾನು ಮಾಡುವುದು ಹೇಳುತ್ತೇನೆ. ಮಕ್ಕಳು ಮೊದಮೊದಲು ಜೋಡಿಯಾಗಿ ನಿಂತು ಆ ಕಡೆ ಈ ಕಡೆ ನೋಡುತ್ತಾ ಒದ್ದಾಡುವ ಭಾಗ ಬರುತ್ತದಲ್ಲ, ಅಲ್ಲಿ ನಿಲ್ಲಿಸಿ. ಪಾಜ್ ಒತ್ತಿ, ಲೈಟ್ ಹಾಕಿ, ಎಲ್ಲರನ್ನೂ ಎಬ್ಬಿಸಿ. ಭಾಷಣ ಬೇಡ. ಒಳಗೊಂದು ವೃತ್ತ, ಹೊರಗೊಂದು ವೃತ್ತ, ಎದುರುಬದುರು. ಅಂಗೈಗೆ ಅಂಗೈ, ಎದೆ ಮಟ್ಟಕ್ಕೆ, ಮಧ್ಯೆ ಮೊಳದಷ್ಟು ಜಾಗ. ಮೈಗೆ ಮೈ ತಾಗುವಂತೆ ಹಿಡಿಯುವ ಕ್ಲೋಸ್ ಹೋಲ್ಡ್ ಮಾತೇ ಎತ್ತಬೇಡಿ. ಮೆರೆಂಗೆ ಹಾಡು ಹಾಕಿ, ಅದು ಸುಲಭ ಹೆಜ್ಜೆಯ ಒಂದು ಜೋಡಿ ನೃತ್ಯ. ಪ್ರತಿ ಬೀಟಿಗೆ ಒಂದು ಹೆಜ್ಜೆ, ಪಿಟಿ ಪೀರಿಯಡ್ಡಿನ ಲೆಫ್ಟ್ ರೈಟ್ ಇದ್ದಂತೆ. ಮಂಡಿ ಮಡಿಸಿದರೆ ಸೊಂಟ ತಾನೇ ಆಡುತ್ತದೆ, ನೀವು ಸೊಂಟ ಹೇಳಿಕೊಡಲು ಹೋಗಬೇಡಿ, ಅಲ್ಲಿಗೆ ಕ್ಲಾಸ್ ಮುಗಿಯಿತು. ಅರ್ಧ ನಿಮಿಷಕ್ಕೊಮ್ಮೆ "ಮುಂದೆ" ಅನ್ನಿ, ಹೊರಗಿನ ವೃತ್ತ ಒಂದು ಸ್ಥಾನ ಸರಿಯಲಿ. ಇದೇ ಮುಖ್ಯ. ಜೋಡಿ ನಿಲ್ಲುವುದೇ ಇಲ್ಲವಾದ್ದರಿಂದ ಯಾರ ಹೆಸರನ್ನು ಯಾರ ಜೊತೆ ಸೇರಿಸಿ ರೇಗಿಸುವುದು? ಒಂದೆರಡು ಸುತ್ತು ಆದ ಮೇಲೆ ಕೂರಿಸಿ ಸಿನಿಮಾ ಮುಂದುವರಿಸಿ. ಈಗ ಪರದೆ ಮೇಲಿನ ಮಗು ತಪ್ಪು ಹೆಜ್ಜೆ ಇಟ್ಟರೆ ಇವರು ನಗುವ ರೀತಿಯೇ ಬೇರೆ.

ಒಲ್ಲೆ ಅನ್ನುವ ಮಗುವನ್ನು ಎಳೆಯಬೇಡಿ. ಹುಡುಗಿಗೆ ಹುಡುಗಿ, ಹುಡುಗನಿಗೆ ಹುಡುಗ ಆದರೂ ನಡೆಯುತ್ತದೆ. ಅದೂ ಬೇಡ ಅಂದರೆ ಹಾಡು ನಿಲ್ಲಿಸುವ ಕೆಲಸ ಕೊಡಿ. ಹೆತ್ತವರಿಗೆ ಮೊದಲೇ ಚೀಟಿ ಕಳಿಸಿ, "ಜೋಡಿ ನೃತ್ಯ" ಅಂತ ಸ್ಪಷ್ಟವಾಗಿ ಬರೆದೇ ಕಳಿಸಿ. ಮುಚ್ಚಿಟ್ಟು ಆಮೇಲೆ ಫೋಟೊ ನೋಡಿ ಗಲಾಟೆ ಆದರೆ ಯಾವ ಸಿನಿಮಾವೂ ಕಾಪಾಡುವುದಿಲ್ಲ.

ಟ್ಯಾಂಗೊ ಮೊದಲ ವಾರಕ್ಕೆ ಅಲ್ಲ. ಡಾಕ್ಯುಮೆಂಟರಿಯ ಕೊನೆಗೆ ಶಾಲೆಗಳ ನಡುವಿನ ಸ್ಪರ್ಧೆಯಲ್ಲಿ ವಾಷಿಂಗ್ಟನ್ ಹೈಟ್ಸ್ ಮಕ್ಕಳು ಗೆಲ್ಲುತ್ತಾರೆ, ನೋಡಿ ನಮ್ಮವರೂ ಮಾಡುತ್ತಾರೆ ಅನ್ನಿಸುತ್ತದೆ. ಆದರೆ ಆ ಬೀದಿಗಳಲ್ಲಿ ಡೊಮಿನಿಕನ್ ಕುಟುಂಬಗಳು ಜಾಸ್ತಿ, ಮೆರೆಂಗೆ ಅವರ ನಾಡಿನದೇ ಕುಣಿತ. ಮನೆಯಲ್ಲೇ ಕಿವಿ ಪಳಗಿದ ಮಕ್ಕಳು. ಮೇಲೆ 10 ವಾರದ ಪಾಠ. ನಿಮಗಿರುವುದು ಎಷ್ಟು ದಿನ? ವಾರ್ಷಿಕೋತ್ಸವಕ್ಕೆ ಮೆರೆಂಗೆ, ಬೇಕಿದ್ದರೆ ಸ್ವಲ್ಪ ಸ್ವಿಂಗ್ ಡ್ಯಾನ್ಸ್. ಅಷ್ಟೇ. ಟ್ರೈಬೆಕಾ ಮಕ್ಕಳು ಸೋತು ಹೊರಬೀಳುವ ಭಾಗವನ್ನು ಮಾತ್ರ ಬಿಡಬೇಡಿ. ಸುಮ್ನೆ ಫೈನಲ್‌ಗೆ ಓಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಸಾಮಾನಿನ ಮಾತು. ಬ್ಲೂಟೂತ್ ಸ್ಪೀಕರ್ ಬೇಡ. ಸದ್ದು ಒಂದಿಷ್ಟು ತಡವಾಗಿ ಬರುವುದುಂಟು. ಬೇರೆ ಸಿನಿಮಾದಲ್ಲಿ ಸಹಿಸಬಹುದು, ಡ್ಯಾನ್ಸ್ ಸಿನಿಮಾದಲ್ಲಿ ಕಾಲೊಂದು ಕಡೆ ತಾಳವೊಂದು ಕಡೆ. ಶಾಲೆಯಲ್ಲಿ ಅಹುಜಾ ಆಂಪ್ಲಿಫೈಯರ್ ಇದ್ದರೆ ಆಕ್ಸ್ ವೈರ್ ಹಾಕಿ, ಆದರೆ ಪ್ರಾರ್ಥನೆಗೆ ಕಟ್ಟಿದ ಹಾರ್ನ್ ಬಿಟ್ಟು ಬಾಕ್ಸ್ ಸ್ಪೀಕರಿಗೆ ಕೊಡಿ. ಹಾರ್ನಿನಲ್ಲಿ ಬೇಸ್ ಬರುವುದಿಲ್ಲ. ಪ್ರೊಜೆಕ್ಟರಿಗೆ ನನ್ನ ಓಟು ಎಪ್ಸನ್‌ಗೆ. ಹೆಸರು ದಿಕ್ಕಿಲ್ಲದ ಅಗ್ಗದವುಗಳ ಡಬ್ಬಿ ಮೇಲಿನ ಲುಮೆನ್ (ಬೆಳಕಿನ ಅಳತೆ) ಲೆಕ್ಕ ನಂಬಬೇಡಿ. ಪರದೆಯ ಕೆಳಗಿನ ಅಂಚು ಕೂತ ಮಕ್ಕಳ ತಲೆಗಿಂತ ಮೇಲಿರಲಿ, ಇಲ್ಲದಿದ್ದರೆ ಹಿಂದಿನವರಿಗೆ ಕಾಲೇ ಕಾಣುವುದಿಲ್ಲ. ಕಾಲು ಕಾಣದ ಡ್ಯಾನ್ಸ್ ಸಿನಿಮಾ ಯಾಕೆ ಬೇಕು?

ಮಕ್ಕಳ ಕುಣಿತಕ್ಕೆ ಸಿನಿಮಾ ಹಾಡು ಹಾಕಿ ಯೂಟ್ಯೂಬಿಗೆ ಏರಿಸುತ್ತೇನೆ ಅಂದಿರಿ. ಹುಷಾರು. ಈ ಡಾಕ್ಯುಮೆಂಟರಿಯಲ್ಲೇ ಯಾರದೋ ಫೋನ್ ರಿಂಗ್ ಆಗುತ್ತದೆ, 'ರಾಕಿ' ಸಿನಿಮಾದ ಟ್ಯೂನ್, ಆರೇ ಸೆಕೆಂಡು. ಅದಕ್ಕೆ ಹಕ್ಕುದಾರರು ಮೊದಲು ಕೇಳಿದ್ದು 10,000 ಡಾಲರ್. ಮಕ್ಕಳ ಮುಖ ನೆಟ್ಟಿಗೆ ಹಾಕುವುದು ಬೇರೆಯೇ ತಲೆನೋವು.

ಏಳನೇ ಕ್ಲಾಸಿಗೆ ಇನ್ನೊಂದು ಇದೆ: 'ಡ್ಯಾನ್ಸಿಂಗ್ ಇನ್ ಜಾಫಾ', 2013. ಡ್ಯುಲೇನ್ ಹುಟ್ಟಿದ್ದು ಈಗಿನ ಇಸ್ರೇಲಿನಲ್ಲಿರುವ ಜಾಫಾದಲ್ಲಿ. 1948ರಲ್ಲಿ ಕುಟುಂಬ ಊರು ಬಿಟ್ಟಿತು. ಅದೇ ಊರಿಗೆ ಹೋಗಿ ಯಹೂದಿ ಮಕ್ಕಳನ್ನೂ ಪ್ಯಾಲೆಸ್ಟೀನಿ ಮಕ್ಕಳನ್ನೂ ಒಟ್ಟಿಗೆ ಕುಣಿಸಲು ನೋಡುತ್ತಾರೆ. ಮಕ್ಕಳು ಬಗ್ಗದಿದ್ದಾಗ ನೃತ್ಯದ ಹಳೆಯ ಜೊತೆಗಾರ್ತಿ ಇವೊನ್ ಮಾರ್ಸೊ ಅವರನ್ನು ಕರೆಸಿಕೊಳ್ಳುತ್ತಾರೆ. ಇಬ್ಬರೂ ಸೇರಿ ಕುಣಿದು ತೋರಿಸುತ್ತಾರೆ. ಶಿಕ್ಷಕರು ಆ ಭಾಗ ನೋಡಲೇಬೇಕು. ಆದರೆ ಹಿನ್ನೆಲೆ ಹೇಳದೆ ಮಕ್ಕಳಿಗೆ ಹಾಕಬೇಡಿ, ಜಗಳ ಯಾಕೆ ಅಂತಲೇ ಅರ್ಥವಾಗುವುದಿಲ್ಲ.

ಪೋಸ್ಟರಿನಿಂದ "ಸ್ಫೂರ್ತಿದಾಯಕ" ತೆಗೆಯಿರಿ, ಅದನ್ನು ಕಂಡರೆ ಮಕ್ಕಳು ಓಡುತ್ತಾರೆ. ಐದನೆಯವರನ್ನೂ ಏಳನೆಯವರನ್ನೂ ಒಂದೇ ಹಾಲಿನಲ್ಲಿ ಕೂರಿಸಬೇಡಿ. ದೊಡ್ಡವರು ನಗುತ್ತಾರೆ, ಸಣ್ಣವರು ಏಳುವುದೇ ಇಲ್ಲ. ಎರಡು ಶನಿವಾರ ಮಾಡಿ.